ಮುರಕಲ್ಲು, ಹೊಯಿಗೆ, ಬಾವಿಯ ನೀರು: ನನ್ನ ಮೊದಲ ಅಕ್ವೇರಿಯಂ

ಒಂದೂವರೆ ವರ್ಷದ ಹಿಂದೆ, ಡಿಸೆಂಬರಿನ ಕೊನೆಯ ವಾರದಲ್ಲಿ, ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿಯೊಂದನ್ನು ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಮಂಗಳೂರಿನ ಕುಲಶೇಖರದ ನಮ್ಮ ಬಾಡಿಗೆ ಮನೆಗೆ ತಂದೆ. ಬಾಗಿಲು ತೆರೆದ ಅಮ್ಮ ಮೊದಲು ಕೇಳಿದ್ದು ಮೀನು ಎಲ್ಲಿ ಎಂದು. ಇನ್ನೂ ತಂದಿಲ್ಲ, ಗಿಡ ಮತ್ತು ನೀರು ಸರಿಹೋದ ಮೇಲೆ ತರುವುದು ಎಂದೆ. ಆ ಉತ್ತರವನ್ನು ನಾನು ಮುಂದಿನ ಎಂಟು ವಾರ, ಮನೆಗೆ ಬಂದವರಿಗೆಲ್ಲ ಕೊಡುತ್ತಲೇ ಇದ್ದೆ. ಸಂಜೆ ದೀಪ ಹಾಕಿ ಖಾಲಿ ನೀರನ್ನು ನೋಡುತ್ತ ಕುಳಿತಿದ್ದ ನನ್ನನ್ನು ಕಂಡು "ನೀರಿಗೆ ಲೈಟು ಹಾಕಿ ಕೂತಿದ್ದೀಯಲ್ಲ ಮಾರಾಯ್ತಿ" ಎಂದು ಅಮ್ಮ ನಕ್ಕದ್ದು ಒಂದೆರಡು ಸಲವಲ್ಲ.

ತೊಟ್ಟಿಯನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ ಸಣ್ಣದಲ್ಲ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರವೆಂದರೆ ಅಂಚಿನವರೆಗೆ 54 ಲೀಟರ್ ನೀರು ಹಿಡಿಯುತ್ತದೆ. ಗಾಜು, ಹೊಯಿಗೆ (ಮರಳು), ಕಲ್ಲು ಎಲ್ಲ ಸೇರಿದರೆ ಒಟ್ಟು ಭಾರ 70 ಕಿಲೋದ ಆಸುಪಾಸಿಗೆ ಬರುತ್ತದೆ, ಅಂದರೆ ದೊಡ್ಡ ಆಳೊಬ್ಬ ಹಗಲೂ ರಾತ್ರಿ ಮೇಜಿನ ಮೇಲೆ ನಿಂತಂತೆ. ಅಪ್ಪ ಉಪಯೋಗಿಸುತ್ತಿದ್ದ ಹಲಸಿನ ಮರದ ಹಳೆಯ ಮೇಜು ಅದನ್ನು ತಾಳಿಕೊಂಡಿತು. ಮೇಜಿನ ಮೇಲಿನ ಸಣ್ಣ ಉಬ್ಬುತಗ್ಗುಗಳು ಗಾಜಿನ ತಳವನ್ನು ಒತ್ತಿ ಬಿರುಕು ಬಿಡಿಸದಿರಲೆಂದು ಕೆಳಗೆ ಥರ್ಮೋಕೋಲ್ ಹಾಳೆ ಹಾಸಿದೆ. ಪಶ್ಚಿಮದ ಕಿಟಕಿಯಿಂದ ಆದಷ್ಟು ದೂರ ಇಟ್ಟೆ, ಏಕೆಂದರೆ ಅಲ್ಲಿ ಬೀಳುವ ಸಂಜೆಯ ಬಿಸಿಲು ಗಿಡಕ್ಕಿಂತ ಮೊದಲು ಪಾಚಿಯನ್ನೇ ಬೆಳೆಸುತ್ತದೆ.

ನಮ್ಮಲ್ಲಿ ನೀರಿಗೆ ಎರಡು ದಾರಿಗಳಿವೆ. ಒಂದು, ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಬರುವ ಕ್ಲೋರಿನ್ ಹಾಕಿದ ನಲ್ಲಿಯ ನೀರು. ಇನ್ನೊಂದು, ಅಂಗಳದ ಬಾವಿ. ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ ಎಂದು ಓದಿದ್ದರಿಂದ ಎರಡನೆಯ ಯೋಚನೆಯಿಲ್ಲದೆ ಬಾವಿಯನ್ನೇ ಆರಿಸಿಕೊಂಡೆ. (ಆ ಆತ್ಮವಿಶ್ವಾಸಕ್ಕೆ ಬೆಲೆ ತೆತ್ತ ಕತೆ ಮುಂದೆ ಬರುತ್ತದೆ.) ಟೆಸ್ಟ್ ಕಿಟ್ಟಿನ ಹನಿಗಳನ್ನು ಹಾಕಿ ನೋಡಿದರೆ, ಆಗಷ್ಟೇ ಸೇದಿದ ನೀರಿನ ಪಿಎಚ್ (7ಕ್ಕಿಂತ ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ) 6ಕ್ಕಿಂತ ಕೆಳಗಿತ್ತು. ಅದೇ ನೀರನ್ನು ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟರೆ 6.3ರವರೆಗೆ ಏರುತ್ತಿತ್ತು. ನೆಲದೊಳಗಿನ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಗಾಳಿಗೆ ತೆರೆದುಕೊಂಡಾಗ ಹಾರಿಹೋಗುವುದೇ ಇದಕ್ಕೆ ಕಾರಣ. ಕಾರ್ಬೊನೇಟ್ ಗಡಸುತನ, ಅಂದರೆ ಆಮ್ಲವನ್ನು ನುಂಗಿಕೊಳ್ಳುವ ನೀರಿನ ಶಕ್ತಿ, ಅದಂತೂ ಒಂದೇ ಒಂದು ಡಿಗ್ರಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನ ಮಣ್ಣಿನಲ್ಲಿ ಸುಣ್ಣದ ಅಂಶ ಉಳಿಯುವುದಾದರೂ ಹೇಗೆ? ಎಲ್ಲವೂ ಎಂದೋ ತೊಳೆದು ಕಡಲು ಸೇರಿದೆ. ಬೆಂಗಳೂರಿನಲ್ಲಿರುವ ನನ್ನ ಗೆಳತಿ ಬೋರ್‌ವೆಲ್ಲಿನ ಗಡಸು ನೀರನ್ನು ಮೆದುಗೊಳಿಸುವುದಕ್ಕೆ ಪಡುವ ಪಾಡನ್ನು ಕೇಳಿದ್ದ ನನಗೆ ನಮ್ಮ ಬಾವಿಯ ಮೇಲೆ ಅಭಿಮಾನವೇ ಉಕ್ಕಿತು. ಗಿಡಗಳ ಅಕ್ವೇರಿಯಂಗೆ ಮೆದು ನೀರು ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಅತಿ ಮೆದುವಾದರೆ ಏನಾಗುತ್ತದೆ ಎಂದು ಹೇಳುವವರು ಕಡಿಮೆ.

ಇನ್ನು ತಳಕ್ಕೆ ಹಾಕುವ ಮಣ್ಣು. ಅಂಗಡಿಯಲ್ಲಿ ಸಿಗುವ ಅಕ್ವೇರಿಯಂ ಮಣ್ಣಿನ ಚೀಲದ ಬೆಲೆ ಕೇಳಿ ಹಿಂದೆ ಬಂದವಳು, ಗಿಡಗಳ ಬೇರಿಗೆ ಕಬ್ಬಿಣದ ಅಂಶ ಒದಗಿಸಲು ಹೊರದೇಶಗಳ ಹವ್ಯಾಸಿಗಳು ಬಹುಕಾಲ ತಳದಲ್ಲಿ ಲ್ಯಾಟರೈಟ್ ಹಾಕುತ್ತಿದ್ದರು, ಅದನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದರು ಎಂಬುದನ್ನು ಓದಿ ಕುರ್ಚಿಯಿಂದಲೇ ಎದ್ದೆ. ಲ್ಯಾಟರೈಟ್ ಎಂದರೆ ನಮ್ಮ ಮುರಕಲ್ಲು. ನಮ್ಮ ಬಾವಿಕಟ್ಟೆ ಅದರದ್ದು, ಆವರಣದ ಗೋಡೆ ಅದರದ್ದು, ಪಕ್ಕದ ಹಿತ್ತಿಲಲ್ಲಿ ಮನೆ ಕಟ್ಟಲು ಕಲ್ಲು ಕೆತ್ತಿ ಬಿಟ್ಟ ಕೆಂಪು ಪುಡಿಯ ರಾಶಿಯೂ ಅದರದ್ದೇ. ಆ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ಈ ವೈದ್ಯ, ಮಲಬಾರಿನ ಅಂಗಾಡಿಪುರದ ಬಳಿ ಜನ ನೆಲದಿಂದ ಮೆದುವಾದ ಕಲ್ಲನ್ನು ಕತ್ತರಿಸಿ ತೆಗೆಯುವುದನ್ನೂ ಗಾಳಿಗೆ ಅದು ಇಟ್ಟಿಗೆಯಂತೆ ಗಟ್ಟಿಯಾಗುವುದನ್ನೂ ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಅದಕ್ಕೆ ಹೆಸರಿಟ್ಟ. ಇದೇ ಮನುಷ್ಯ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ತಳೆದು, 1822ರಲ್ಲಿ ಗಂಗೆಯ ಸೀಮೆಯ ಮೀನುಗಳ ಬಗ್ಗೆ ಬರೆದಾಗ, ಇಂದು ಪ್ರತಿಯೊಂದು ಅಕ್ವೇರಿಯಂ ಅಂಗಡಿಯಲ್ಲೂ ಸಿಗುವ ಜೀಬ್ರಾ ಮೀನನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿದ. ನನ್ನ ತೊಟ್ಟಿಯ ತಳಕ್ಕೂ ಅದರೊಳಗೆ ಈಜಬೇಕಾದ ಮೀನಿಗೂ ಹೆಸರಿಟ್ಟವನು ಒಬ್ಬನೇ ಎಂದು ತಿಳಿದ ಮೇಲೆ ಯಾವ ಮೀನು ತರಬೇಕೆಂಬ ಚಿಂತೆ ಉಳಿಯಲಿಲ್ಲ.

ಕಲ್ಲಿನ ಪುಡಿಯನ್ನು ಹಾಗೆಯೇ ಹಾಕಬಾರದು. ಜರಡಿ ಹಿಡಿದು, ಧೂಳನ್ನು ಬಿಟ್ಟು, ಕಡಲೆಕಾಳಿನ ಗಾತ್ರದ ಚೂರುಗಳನ್ನು ಮಾತ್ರ ಆರಿಸಿಕೊಂಡು, ಅಕ್ಕಿ ತೊಳೆದಂತೆ ಹತ್ತು ಹನ್ನೆರಡು ನೀರು ಬದಲಿಸಿ ತೊಳೆದೆ. ಅದನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮೇಲೆ ನಾಲ್ಕು ಸೆಂಟಿಮೀಟರ್ ಹೊಯಿಗೆ ಹಾಕಿದೆ. ಹೊಯಿಗೆ ನದಿಯದ್ದೇ ಆಗಬೇಕು. ಕಡಲತೀರದ ಹೊಯಿಗೆಯಲ್ಲಿ ಉಪ್ಪಿನ ಜೊತೆಗೆ ಚಿಪ್ಪಿನ ಚೂರುಗಳಿರುವುದರಿಂದ ಎಷ್ಟು ಗಡಸುತನ ಏರೀತು ಎಂಬ ಲೆಕ್ಕ ನಮ್ಮ ಕೈಯಲ್ಲಿ ಇರುವುದಿಲ್ಲ. ಪರೀಕ್ಷೆ ಸುಲಭ: ಒಂದು ಚಮಚ ಒಣ ಹೊಯಿಗೆಯ ಮೇಲೆ ವಿನೆಗರ್ ಬಿಟ್ಟು ಕಿವಿಯ ಹತ್ತಿರ ಹಿಡಿದರೆ, ಚಿಪ್ಪು ಇದ್ದಲ್ಲಿ ಸೋಡಾ ಬಾಟಲಿ ತೆರೆದಂತೆ ಸದ್ದು ಕೇಳುತ್ತದೆ. ನನ್ನದು ಸುಮ್ಮನಿತ್ತು.

ಇಷ್ಟೆಲ್ಲ ಜಾಗ್ರತೆ ಮಾಡಿದವಳು ನೀರು ತುಂಬಿಸುವಾಗ ಮಾತ್ರ ಬಕೆಟ್ಟನ್ನು ನೇರವಾಗಿ ಬಗ್ಗಿಸಿಬಿಟ್ಟೆ. ಹೊಯಿಗೆ ಗುಂಡಿಬಿದ್ದು ಕೆಳಗಿನ ಕೆಂಪು ಮೇಲೆದ್ದು ಬಂದು, ಎರಡೇ ನಿಮಿಷದಲ್ಲಿ ತೊಟ್ಟಿಯ ತುಂಬ ಜೂನ್ ತಿಂಗಳ ನೇತ್ರಾವತಿ ಹರಿಯಿತು. ಎಲ್ಲವನ್ನೂ ತೆಗೆದು, ಮರುದಿನ ಮೊದಲಿಂದ ಹಾಸಿ, ಹೊಯಿಗೆಯ ಮೇಲೆ ಊಟದ ತಟ್ಟೆಯೊಂದನ್ನೂ ಅದರ ಮೇಲೆ ಬಾಳೆಯೆಲೆಯ ತುಂಡನ್ನೂ ಇಟ್ಟು, ಚೆಂಬಿನಲ್ಲಿ ನಿಧಾನವಾಗಿ ಎಲೆಯ ಮೇಲೆ ನೀರು ಬಿಟ್ಟೆ. ಒಂದು ಗಂಟೆ ಹಿಡಿಯಿತು. ನೀರು ಗಾಜಿನಷ್ಟೇ ತಿಳಿಯಾಗಿತ್ತು.

ಗಿಡಗಳ ಆಯ್ಕೆಯಲ್ಲಿ ಮಹತ್ವಾಕಾಂಕ್ಷೆ ಇಟ್ಟುಕೊಳ್ಳಲಿಲ್ಲ. ನೆಲಹಾಸಿನಂತೆ ಹಬ್ಬುವ ಹುಲ್ಲಿಗೆ ಪ್ರಬಲ ದೀಪವೂ ಸಿಲಿಂಡರಿನಿಂದ ಬಿಡುವ ಇಂಗಾಲದ ಡೈಆಕ್ಸೈಡೂ ಬೇಕು, ಅವೆರಡೂ ನನ್ನಲ್ಲಿರಲಿಲ್ಲ. ಕ್ರಿಪ್ಟೊಕೊರಿನೆ ಮೂರು ಬುಡ, ಅನುಬಿಯಾಸ್ ಒಂದು, ಜಾವಾ ಫರ್ನ್ ಒಂದು, ಬೇಗ ಬೆಳೆಯುವ ಹೈಗ್ರೋಫಿಲಾ ಒಂದು ಕಟ್ಟು, ಮತ್ತೆ ನೀರುಬ್ರಾಹ್ಮಿ. ಕೊನೆಯದನ್ನು ಅಮ್ಮನ ತವರಿನ ಅಡಿಕೆ ತೋಟದ ತೋಡಿನ ಬದಿಯಿಂದಲೇ ತಂದೆ. ನೀರುಬ್ರಾಹ್ಮಿಯೆಂದರೆ ನಾವು ಚಟ್ನಿ ಅರೆಯುವ ತಿಮರೆ (ಒಂದೆಲಗ) ಅಲ್ಲ. ಬ್ರಾಹ್ಮಿ ಎಂಬ ಒಂದೇ ಹೆಸರಿನಲ್ಲಿ ಎರಡೂ ಓಡಾಡುವುದರಿಂದ ನೆರೆಮನೆಯವರು ಪ್ರೀತಿಯಿಂದ ತಂದುಕೊಟ್ಟ ತಿಮರೆಯ ಕಟ್ಟು ಆ ದಿನ ಚಟ್ನಿಯೇ ಆಯಿತು. ಅನುಬಿಯಾಸ್ ಮತ್ತು ಜಾವಾ ಫರ್ನಿನ ಅಡ್ಡಕಾಂಡವನ್ನು ಹೊಯಿಗೆಯಲ್ಲಿ ಹೂಳಿದರೆ ಕೊಳೆಯುತ್ತದೆ, ಆದ್ದರಿಂದ ಅವನ್ನು ಕಲ್ಲಿಗೆ ಹತ್ತಿಯ ದಾರದಿಂದ ಕಟ್ಟಿದೆ. ಕ್ರಿಪ್ಟೊಕೊರಿನೆ ನೆಟ್ಟ ಐದನೆಯ ದಿನಕ್ಕೆ ಎಲೆಗಳೆಲ್ಲ ಕರಗಿ ಲೋಳೆಯಾದವು. ಕಿತ್ತು ಎಸೆಯಬೇಕೆನಿಸಿದರೂ ಬಿಟ್ಟುಬಿಟ್ಟೆ. ನರ್ಸರಿಗಳಲ್ಲಿ ಇವನ್ನು ಸಾಮಾನ್ಯವಾಗಿ ನೀರಿನ ಮೇಲೆ ಗಾಳಿಯಲ್ಲಿ ಬೆಳೆಸುತ್ತಾರೆ, ಮುಳುಗಿಸಿದಾಗ ಹಳೆಯ ಎಲೆಯನ್ನು ಕಳಚಿ ನೀರೊಳಗಿನ ಬದುಕಿಗೆ ಹೊಸ ಎಲೆ ಹೊರಡಿಸುತ್ತವೆ. ಮೂರನೆಯ ವಾರಕ್ಕೆ ಹೊಯಿಗೆಯೊಳಗಿಂದ ಸೂಜಿಮೊನೆಯಷ್ಟು ಕಂದು ಚಿಗುರು ಕಂಡಿತು. ಅದು ನಾನು ಈ ತೊಟ್ಟಿಯಲ್ಲಿ ಕಂಡ ಮೊದಲ ಸಂತೋಷ.

ಈಗ ಆ ಎಂಟು ವಾರಗಳ ಸಂಗತಿ. ಮೀನಿನ ಕಿವಿರಿನಿಂದ, ಹೇಲಿನಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಆಗಿಸುತ್ತದೆ. ಅದನ್ನು ಮೀನು ಸಾಕಷ್ಟು ಸಹಿಸಿಕೊಳ್ಳುತ್ತದೆ, ಗಿಡ ಉಣ್ಣುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ವಾರಗಳೇ ಬೇಕು, ಅಲ್ಲಿಯವರೆಗೆ ಅವಕ್ಕೆ ತಿನ್ನಲು ಅಮೋನಿಯಾ ಬೇಕು. ಮೀನನ್ನೇ ಹಾಕಿ ಅದರ ಸಂಕಟದಲ್ಲಿ ಇದನ್ನು ಸಾಧಿಸುವ ಹಳೆಯ ಪದ್ಧತಿ ನನಗೆ ಒಗ್ಗಲಿಲ್ಲ. ಅದರ ಬದಲು ಹಸಿ ಸಿಗಡಿಯೊಂದನ್ನು ತೊಟ್ಟಿಯಲ್ಲಿ ಕೊಳೆಯಲು ಬಿಡುವ ಉಪಾಯವಿದೆ. ಮಂಗಳೂರಿನಲ್ಲಿ ಸಿಗಡಿಗೆ ಬರವೇ? ಗಸಿಗೆಂದು ತಂದದ್ದರಲ್ಲಿ ದೊಡ್ಡದೊಂದನ್ನು ಎತ್ತಿ, ತೆಳು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟೆ. ಅಮ್ಮನಿಗೆ ಹೇಳಿರಲಿಲ್ಲ. ಐದನೆಯ ದಿನ ನಾನು ಹೇಳುವ ಅಗತ್ಯವೂ ಬೀಳಲಿಲ್ಲ, ಬಾಗಿಲಲ್ಲೇ ವಾಸನೆ ಎದುರುಗೊಳ್ಳುತ್ತಿತ್ತು.

ಎಂಟನೆಯ ದಿನ ಅಮೋನಿಯಾ ಲೀಟರಿಗೆ 4 ಮಿಲಿಗ್ರಾಂ ಮುಟ್ಟಿದಾಗ ಸಿಗಡಿಯನ್ನು ತೆಗೆದೆ. ಹದಿನಾರನೆಯ ದಿನ ನೈಟ್ರೈಟ್ ಪರೀಕ್ಷೆಯ ಕೊಳವೆ ನೇರಳೆ ಬಣ್ಣಕ್ಕೆ ತಿರುಗಿತು. ಅಂದರೆ ಮೊದಲ ಪಂಗಡ ಕೆಲಸ ಆರಂಭಿಸಿತ್ತು. ಅಮೋನಿಯಾ ಇಳಿಯುತ್ತ ಬಂದು 2ರ ಹತ್ತಿರ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಹತ್ತು ದಿನ ದಿನವೂ ಸಂಜೆ ಅಮೋನಿಯಾದ ಕೊಳವೆಯಲ್ಲಿ ಅದೇ ಹಸಿರು. ಕಿಟ್ಟು ಹಾಳಾಗಿದೆಯೆಂದು ಬೇರೊಂದನ್ನು ತಂದೆ, ಅದರಲ್ಲೂ ಹಸಿರು.

ಕಾರಣ ಹೊಳೆದದ್ದು ಪಿಎಚ್ ನೋಡಿದಾಗ. ಅದು ಕುಸಿದು 6ಕ್ಕಿಂತ ಕೆಳಗಿತ್ತು. ಕಾರ್ಬೊನೇಟ್ ಗಡಸುತನ ಅಳೆಯಲು ಹನಿ ಎಣಿಸುತ್ತ ಬಣ್ಣ ಬದಲಾಗುವವರೆಗೆ ಹಾಕಬೇಕು, ನನ್ನ ನೀರಿನಲ್ಲಿ ಮೊದಲ ಹನಿಗೇ ಬದಲಾಯಿತು. ಅಂದರೆ ಉಳಿದಿರಲೇ ಇಲ್ಲ. ಬ್ಯಾಕ್ಟೀರಿಯಾ ಅಮೋನಿಯಾವನ್ನು ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ, ಆ ಆಮ್ಲವನ್ನು ನೀರಿನ ಕ್ಷಾರತೆ ನುಂಗಿಕೊಳ್ಳಬೇಕು. ಅಮೋನಿಯಾದ 1 ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ, ಒಂದು ಡಿಗ್ರಿ ಗಡಸುತನವೆಂದರೆ ಲೀಟರಿಗೆ 18 ಮಿಲಿಗ್ರಾಮಿನಷ್ಟೇ. ಎರಡು ಮಿಲಿಗ್ರಾಂ ಸಾರಜನಕ ಮಾರ್ಪಡುವಷ್ಟರಲ್ಲಿ ನಮ್ಮ ಬಾವಿಯ ಬಂಡವಾಳ ಬಹುಪಾಲು ಮುಗಿದಿತ್ತು. ಪಿಎಚ್ 6ರ ಕೆಳಗೆ ಈ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಕೈಕಟ್ಟಿ ಕೂರುತ್ತವೆ. ನಾನು ಅಭಿಮಾನಪಟ್ಟ ಮೆದು ನೀರೇ ಇಲ್ಲಿ ತೊಡಕಾಗಿತ್ತು. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಅರ್ಧಕ್ಕರ್ಧ ಗಡಸು ನೀರಿನ ಊರುಗಳವರು ಬರೆದವು ಎಂಬುದನ್ನು, ಪಿಎಚ್ ಇಳಿಸುವ ಉಪಾಯಗಳನ್ನು ತಿಂಗಳುಗಟ್ಟಲೆ ಓದಿದ ನಾನು ಆಗ ಅರ್ಥಮಾಡಿಕೊಂಡೆ. ನನಗೆ ಬೇಕಿದ್ದದ್ದು ಏರಿಸುವ ಉಪಾಯ.

ಅದು ಅಡುಗೆಮನೆಯ ಹಿಂದೆಯೇ ಬಿದ್ದಿತ್ತು. ಹಿಂದಿನ ಭಾನುವಾರ ಸುಕ್ಕ ಮಾಡಿ ಎಸೆದ ಮರುವಾಯಿಯ ಚಿಪ್ಪುಗಳು ತೆಂಗಿನ ಬುಡದಲ್ಲಿದ್ದವು. ಚಿಪ್ಪೆಂದರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಹಿಡಿಯಷ್ಟನ್ನು ಆರಿಸಿ, ಕುದಿಸಿ, ಉಜ್ಜಿ, ಒಣಗಿಸಿ, ಒರಳಿನಲ್ಲಿ ಒಡೆದು, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನಿಂದ ನೀರು ಹೊರಬರುವಲ್ಲಿ ತೂಗುಹಾಕಿದೆ. ಇದರ ಸೊಗಸೆಂದರೆ ನೀರು ಆಮ್ಲೀಯವಾದಷ್ಟೂ ಚಿಪ್ಪು ಬೇಗ ಕರಗುತ್ತದೆ, ಪಿಎಚ್ ಏರುತ್ತ ಬಂದಂತೆ ಕರಗುವ ವೇಗ ತಾನಾಗಿಯೇ ತಗ್ಗುತ್ತದೆ. ಆರು ದಿನಗಳಲ್ಲಿ ಗಡಸುತನ 3 ಡಿಗ್ರಿಗೂ ಪಿಎಚ್ 6.8ಕ್ಕೂ ಬಂದು ನಿಂತಿತು. ಆಮ್ಲೀಯ ನೀರಿನಲ್ಲಿ ಅಷ್ಟೇನೂ ಅಪಾಯವಲ್ಲದ ಅಮೋನಿಯಂ, ಪಿಎಚ್ ಏರಿದಂತೆ ವಿಷಕಾರಿ ಅಮೋನಿಯಾ ಆಗುತ್ತದೆ. ಒಳಗೆ ಮೀನಿಲ್ಲದ್ದರಿಂದ ನಾನು ನಿಶ್ಚಿಂತಳಾಗಿದ್ದೆ. ನಲವತ್ತನೆಯ ದಿನಕ್ಕೆ ಅಮೋನಿಯಾ ಸೊನ್ನೆ, ಐವತ್ತರ ಹೊತ್ತಿಗೆ ನೈಟ್ರೈಟೂ ಸೊನ್ನೆ. ನೈಟ್ರೇಟಿನ ಕೊಳವೆ ಮಾತ್ರ ಕೆಂಪಾಗಿತ್ತು. ಅರ್ಧ ನೀರು ಬದಲಿಸಿದೆ.

ಮೀನು ತರುವ ದಿನ ಅಂಗಡಿಯಾತ ಗೋಲ್ಡ್‌ಫಿಶ್ ತೋರಿಸಿದ. ಅದು ದೊಡ್ಡದಾಗಿ ಬೆಳೆದು ಗಿಡಗಳನ್ನು ಅಗೆದು ಹಾಕುತ್ತದೆ. ಪಾಚಿ ತಿನ್ನುತ್ತದೆಂದು ಸಕ್ಕರ್ ಮೀನು ತೋರಿಸಿದ. ಅದು ಒಂದಡಿಗೂ ಮೀರಿ ಬೆಳೆಯುತ್ತದೆ, ಸಾಕಲಾಗದೆ ಜನ ಕೆರೆಗೆ ಬಿಟ್ಟು ಅಲ್ಲಿಯ ಮೀನುಗಳಿಗೆ ಕುತ್ತು ತರುತ್ತಾರೆ. ಮಿಸ್ ಕೇರಳ ಎಂದು ಕರೆಯುವ ಕೆಂಪುಗೆರೆಯ ಮೀನು ನಮ್ಮ ಪಶ್ಚಿಮ ಘಟ್ಟದ್ದೇ, ಕುಲದ ಹೆಸರು ಕೂಡ ಸಹ್ಯಾದ್ರಿಯದ್ದು. ಆದರೆ ಅಳಿವಿನಂಚಿನ ಪಟ್ಟಿಯಲ್ಲಿರುವ, ಹಿಂಡಾಗಿ ಹರಿವ ನೀರಿನಲ್ಲಿ ಬದುಕುವ ಆ ಮೀನಿಗೆ ಎರಡಡಿಯ ಪೆಟ್ಟಿಗೆ ನ್ಯಾಯವಲ್ಲ. ಆರು ಜೀಬ್ರಾ ಮೀನು ಹಿಡಿದುಕೊಂಡು ಬಂದೆ. ಅವು ಹಾರುತ್ತವೆ, ಆದ್ದರಿಂದ ಮುಚ್ಚಳ ಬೇಕು.

ದೀಪವನ್ನು ಟೈಮರಿಗೆ ಹಾಕಿ ದಿನಕ್ಕೆ ಆರು ಗಂಟೆ ಮಾತ್ರ ಉರಿಸಿದರೆ ಪಾಚಿಯ ಕಾಟ ಅಷ್ಟಾಗಿ ಇರುವುದಿಲ್ಲ. ಹೀಟರ್ ನಮ್ಮ ಊರಿಗೆ ಬೇಡ. ಏಪ್ರಿಲ್‌ನಲ್ಲಿ ನೀರು 31 ಡಿಗ್ರಿ ಮುಟ್ಟಿದಾಗ ಮುಚ್ಚಳದ ಬದಲು ಬಲೆ ಹಾಕಿ, ಮೇಲ್ಮೈಗೆ ಸಣ್ಣ ಫ್ಯಾನ್ ತಿರುಗಿಸಿದೆ. ಮುರಕಲ್ಲು ಕಬ್ಬಿಣವನ್ನು ಕೊಡುತ್ತದೆಯೇ ಹೊರತು ಗಿಡಕ್ಕೆ ಬೇಕಾದ ಉಳಿದದ್ದನ್ನು ಕೊಡುವುದಿಲ್ಲ ಎಂಬುದೂ ಆ ತಿಂಗಳಲ್ಲೇ ತಿಳಿಯಿತು: ಹೈಗ್ರೋಫಿಲಾದ ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂತೆ ತೂತುಗಳಾದವು. ಅದು ಪೊಟ್ಯಾಷಿಯಂ ಕೊರತೆಯ ಗುರುತು. ಗೊಬ್ಬರದಂಗಡಿಯಲ್ಲಿ ಸಿಗುವ ಪೊಟ್ಯಾಷಿಯಂ ಸಲ್ಫೇಟಿನ ಒಂದು ಗ್ರಾಂ, 45 ಲೀಟರ್ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ಪೊಟ್ಯಾಷಿಯಂ ಕೊಡುತ್ತದೆ. ವಾರಕ್ಕೆ ಅರ್ಧ ಗ್ರಾಂ ಕರಗಿಸಿ ಹಾಕತೊಡಗಿದ ಮೇಲೆ ಹೊಸ ಎಲೆಗಳು ತೂತಿಲ್ಲದೆ ಬಂದವು.

ಎಲ್ಲವೂ ಸರಿಯಿದೆ ಎಂದುಕೊಂಡಿದ್ದಾಗ ಮಳೆ ಹಿಡಿಯಿತು. ಜೂನ್ ತಿಂಗಳ ಒಂದು ಭಾನುವಾರ, ಎಂದಿನಂತೆ ಹನ್ನೆರಡು ಲೀಟರ್ ನೀರು ತೆಗೆದು ಬಾವಿಯಿಂದ ಆಗಷ್ಟೇ ಸೇದಿದ ನೀರು ತುಂಬಿಸಿದೆ. ಅರ್ಧ ಗಂಟೆಯಲ್ಲಿ ಆರೂ ಮೀನುಗಳು ಮೇಲ್ಮೈಗೆ ಬಾಯಿ ಹಚ್ಚಿ ಬುಳುಬುಳು ಗಾಳಿ ನುಂಗುತ್ತಿದ್ದವು, ಕಿವಿರುಗಳು ಬೀಸಣಿಗೆಯಂತೆ ಆಡುತ್ತಿದ್ದವು. ಕರೆಂಟ್ ಇತ್ತು, ಫಿಲ್ಟರ್ ಓಡುತ್ತಿತ್ತು. ಏನೂ ತೋಚದೆ ಖಾಲಿ ಬಕೆಟ್ಟಿಗೆ ಮುಖ ಹಾಕಿದಾಗ ಈಜುಕೊಳದ ವಾಸನೆ ಬಂತು. ಮಳೆಯ ಹೊಸ ನೀರು ಬಾವಿಗಿಳಿದು ಕದಡಿದ್ದರಿಂದ ಹಿಂದಿನ ಸಂಜೆ ಅದಕ್ಕೆ ಬ್ಲೀಚಿಂಗ್ ಪೌಡರ್ ಹಾಕಲಾಗಿತ್ತು. ಅದು ಮನೆಮಂದಿಯ ಹೊಟ್ಟೆಯ ದೃಷ್ಟಿಯಿಂದ ಮಾಡಬೇಕಾದ ಕೆಲಸವೇ. ಪ್ರತಿ ಮಳೆಗಾಲದಲ್ಲೂ ನಮ್ಮ ಕಡೆ ಮಾಡುವಂಥದ್ದೇ. ಬಾವಿಯ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ ಎಂದು ನಂಬಿ ಮೂಸಿಯೂ ನೋಡದೆ ಸುರಿದವಳು ನಾನು.

ನಲ್ಲಿಯ ನೀರಿಗೆಂದು ಎಂದೋ ತಂದು ಮೂಲೆಗೆ ತಳ್ಳಿದ್ದ ಆಂಟಿ ಕ್ಲೋರಿನ್ ಶೀಶೆ ಹುಡುಕಿ ಹಾಕಿದೆ. ಅದರಲ್ಲಿರುವುದು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋದವರು ಹೈಪೋ ಎನ್ನುತ್ತಿದ್ದದ್ದು. ಕ್ಲೋರಿನ್ನನ್ನು ಕ್ಷಣಮಾತ್ರದಲ್ಲಿ ನಿಷ್ಕ್ರಿಯಗೊಳಿಸುತ್ತದೆ. ನಾಲ್ಕು ಮೀನು ಉಳಿದವು, ಎರಡು ಸಂಜೆಯೊಳಗೆ ಸತ್ತವು. ಅಷ್ಟಕ್ಕೇ ಮುಗಿಯಲಿಲ್ಲ: ಮೂರನೆಯ ದಿನ ಅಮೋನಿಯಾದ ಕೊಳವೆ ತಿಂಗಳುಗಳ ನಂತರ ಮತ್ತೆ ಹಸಿರಾಯಿತು. ಐವತ್ತು ದಿನ ಕಾದು ಸ್ಪಂಜಿನಲ್ಲಿ ನೆಲೆಗೊಳಿಸಿದ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಆ ಒಂದೇ ಬಕೆಟ್ಟಿಗೆ ಸತ್ತಿದ್ದವು. ಎರಡು ವಾರ ಮೀನಿಗೆ ಆಹಾರವನ್ನು ಬಹಳ ಮಟ್ಟಿಗೆ ನಿಲ್ಲಿಸಿ, ಆಂಟಿ ಕ್ಲೋರಿನ್ ಹಾಕಿ ಇಟ್ಟ ನೀರನ್ನು ದಿನಕ್ಕೆ ಐದು ಲೀಟರಿನಂತೆ ಬದಲಿಸಿ ಸಂಭಾಳಿಸಿದೆ. ದಟ್ಟವಾಗಿದ್ದ ಗಿಡಗಳೂ ಅಮೋನಿಯಾವನ್ನು ಹೀರಿಕೊಂಡವು, ಇಲ್ಲದಿದ್ದರೆ ನಾಲ್ಕೂ ಉಳಿಯುತ್ತಿದ್ದವೆಂದು ನನಗೆ ಅನಿಸುವುದಿಲ್ಲ.

ಅಲ್ಲಿಂದೀಚೆಗೆ ಯಾವ ನೀರನ್ನೂ ಒಂದು ರಾತ್ರಿ ಇಟ್ಟು, ಮೂಸಿ, ಎರಡು ಹನಿ ಆಂಟಿ ಕ್ಲೋರಿನ್ ಬಿಟ್ಟೇ ಹಾಕುತ್ತೇನೆ. ಮೀನುಗಳು ಈಗ ಮತ್ತೆ ಆರಾಗಿವೆ. ಕ್ರಿಪ್ಟೊಕೊರಿನೆಯ ಮೂರು ಬುಡಗಳು ಹಬ್ಬಿ ಹಿಂದಿನ ಗಾಜೇ ಕಾಣದಂತಾಗಿದೆ. ಮರುವಾಯಿ ತಂದ ದಿನ ಅಮ್ಮ ನಾಲ್ಕು ಚಿಪ್ಪನ್ನು ತೊಳೆದು ಬಾವಿಕಟ್ಟೆಯ ಮೇಲೆ ಒಣಗಲು ಇಡುತ್ತಾರೆ, ಕೇಳದೆಯೇ.

ಈ ವರ್ಷವೂ ಮಳೆ ಹಿಡಿದಿದೆ. ಮೊನ್ನೆ ಸಂಜೆ ಮನೆಯೊಡತಿ ಗೇಟಿನ ಹತ್ತಿರ ನಿಂತು ಕರೆದರು. "ನಾಳೆ ಬೆಳಿಗ್ಗೆ ಬಾವಿಗೆ ಪೌಡರ್ ಹಾಕಿಸುತ್ತೇನೆ ಮಾರಾಯ್ರೆ, ನಿಮ್ಮ ಮೀನಿಗೆ ಬೇಕಾದ ನೀರು ಇವತ್ತೇ ಎಳೆದಿಟ್ಟುಕೊಳ್ಳಿ." ಜಿಟಿಜಿಟಿ ಮಳೆಯಲ್ಲೇ ನಾಲ್ಕು ಕೊಡಪಾನ ಎಳೆದು, ಮುಚ್ಚಿ, ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದೇನೆ.